ಕೆಳಮನೆಯ ಲೆಕ್ಕದ ತರಗತಿ

ಟೀಚರಮ್ಮ ಮೂವತ್ತೆರಡು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಕೂಡಿಟ್ಟದ್ದನ್ನೆಲ್ಲ ಸುರಿದು ಕಟ್ಟಿಸಿದ ಮಹಡಿ ಮನೆಯಲ್ಲಿ ಅವರೂ ಅವರ ತಂಗಿಯೂ ಮೇಲಿದ್ದರು. ಕೆಳಗಿನ ದೊಡ್ಡ ಕೋಣೆಯನ್ನು ಬಾಡಿಗೆಗೆ ಕೇಳಲು ಜನ ಸಾಲುಗಟ್ಟಿ ಬಂದಿದ್ದರು. ಬೇಕರಿಯವನನ್ನು ಹೊಗೆ ಅಂತ ಬೇಡವೆಂದರು, ಬಡಗಿಯನ್ನು ಸದ್ದು ಅಂತ ಕಳಿಸಿದರು. ಕೊನೆಗೆ ಕೋಟು ಹಾಕಿಕೊಂಡ ಒಬ್ಬಾತ ಬಂದು, "ದೊಡ್ಡವರಿಗೆ ಲೆಕ್ಕ ಹೇಳ್ಕೊಡ್ತೀನಿ ಮೇಡಂ" ಎಂದದ್ದೇ ತಡ, ಟೀಚರಮ್ಮ ಬೆಣ್ಣೆಯ ಹಾಗೆ ಕರಗಿಹೋದರು.

ಅಂದಿನಿಂದ ಪ್ರತಿ ಮಧ್ಯಾಹ್ನ ಕೆಳಗಿನಿಂದ "ಐದು! ಐದು!" "ಮೂರು ಬಾ!" ಎಂಬ ಕೂಗು ಕೇಳತೊಡಗಿತು. ಟೀಚರಮ್ಮ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಅಕ್ಕಾ, ಲೆಕ್ಕ ಕಲಿಯೋರು ಯಾರಾದ್ರೂ ಸಿಳ್ಳೆ ಹೊಡೀತಾರಾ?" ಎಂದು ತಂಗಿ ಕೇಳಿದಳು.

"ಉತ್ತರ ಸರಿಬಂದ್ರೆ ಯಾಕೆ ಹೊಡೀಬಾರ್ದು?"

"ಒಂದ್ಸಲ ಇಳಿದು ನೋಡ್ಬಾರ್ದಾ?"

"ಇನ್ನೊಬ್ರು ಪಾಠ ಮಾಡೋವಾಗ ಒಳಗೆ ಹೋಗೋದು ಮರ್ಯಾದೆ ಅಲ್ಲ ಕಣೇ. ನಾನು ಸರ್ವಿಸ್ಸಿನಲ್ಲಿ ಒಂದು ದಿನಾನೂ ಹಾಗೆ ಮಾಡಿದವಳಲ್ಲ."

ಹೋಗಲಿಲ್ಲ, ಸರಿ. ಆದರೆ ಕೋಟಿನವನು ಚೀಟಿಯಲ್ಲಿ ಲೆಕ್ಕ ಬರೆದು ಮೇಲಕ್ಕೆ ಕಳಿಸಿದಾಗ ಸುಮ್ಮನಿರುವುದು ಅವರ ಜಾಯಮಾನವೇ? 'ಆರು ಜನ ಒಂದೊಂದು ಹಣ್ಣು ತಂದು ಬುಟ್ಟಿಗೆ ಹಾಕುತ್ತಾರೆ. ಅದೃಷ್ಟ ಒಲಿದ ಒಬ್ಬನಿಗೆ ಎಷ್ಟು ಹಣ್ಣು ಕೊಟ್ಟರೆ ಬುಟ್ಟಿಯಲ್ಲಿ ಎರಡು ಉಳಿಯುತ್ತವೆ?' ಟೀಚರಮ್ಮ ಕೆಂಪು ಶಾಯಿಯಲ್ಲಿ 'ನಾಲ್ಕು' ಎಂದು ಬರೆದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. 'ತುಂಬಾ ಸುಲಭವಾಯಿತು, ಇನ್ನೂ ಕಷ್ಟದ್ದು ಕಳಿಸಿ' ಎಂದು ಕೆಳಗೆ ಸೇರಿಸಿ ಸಹಿ ಬೇರೆ ಹಾಕಿದರು. ಕಷ್ಟದ್ದು ಬಂತು. ಅದನ್ನೂ ಬಿಡಿಸಿದರು.

ಎರಡು ತಿಂಗಳಾದ ಮೇಲೆ ನಗರಸಭೆಯಿಂದ ನೋಟಿಸು ಬಂತು. ಕೆಳಮನೆಯಲ್ಲಿ ಜೂಜು ನಡೆಯುತ್ತಿದೆ, ಗಲಾಟೆಯಿಂದ ಅಕ್ಕಪಕ್ಕದವರಿಗೆ ಉಪದ್ರವವಾಗಿದೆ, ಏಳು ದಿನದೊಳಗೆ ಮಾಲೀಕರು ಅದನ್ನು ನಿಲ್ಲಿಸದಿದ್ದರೆ ಇಡೀ ಮನೆಗೆ ಬೀಗ ಜಡಿಯಲಾಗುವುದು ಎಂದಿತ್ತು. ಇಡೀ ಮನೆ ಅಂದರೆ ಮೇಲಿನದೂ ಸೇರಿ. ಟೀಚರಮ್ಮ ನೋಟಿಸು ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟರು. ತಂಗಿ 'ನಾನು ಆವತ್ತೇ ಹೇಳಿದ್ದೆ' ಎನ್ನಲಿಲ್ಲ. ಬಾಯಿ ಬಿಗಿಹಿಡಿದು ಒಂದು ಲೋಟ ನೀರು ತಂದುಕೊಟ್ಟಳು. ಅದೇ ಟೀಚರಮ್ಮನಿಗೆ ಹೆಚ್ಚು ಚುಚ್ಚಿತು.

ಲಾಯರು ಅವರ ಹಳೆಯ ವಿದ್ಯಾರ್ಥಿ. ತಲೆ ಬೋಳಾಗಿದ್ದರೂ ಟೀಚರಮ್ಮನ ಎದುರು ಎದ್ದೇ ನಿಂತಿದ್ದ.

"ಗೊತ್ತಿರ್ಲಿಲ್ಲ ಅನ್ನೋ ಮಾತು ನಿನ್ನೆವರೆಗೆ ನಡೀತಿತ್ತು ಟೀಚರ್. ನೋಟಿಸು ಕೈಗೆ ಬಂದ್ಮೇಲೆ ಮಾಲೀಕರು ಸುಮ್ನಿದ್ರೆ ಒಪ್ಪಿಗೆ ಕೊಟ್ಟ ಹಾಗೇ."

"ಹಾಗಾದ್ರೆ ಇವತ್ತೇ ಅವನ ಸಾಮಾನು ಬೀದಿಗೆ ಹಾಕಿಸ್ತೀನಿ."

"ಅದೂ ತಪ್ಪು. ಕರಾರು ಇದೆ. ಕೋರ್ಟಿಂದ ಬಿಡಿಸೋಕೆ ತಿಂಗಳುಗಟ್ಟಲೆ ಬೇಕು."

"ಅವರು ಕೊಟ್ಟಿರೋದು ಏಳು ದಿನ!"

"ಹೌದು ಟೀಚರ್. ಆಮೇಲೆ..." ಅವನು ತಲೆ ಕೆರೆದುಕೊಂಡ. "ನಿಮ್ಮ ಕೆಂಪು ಶಾಯಿ ಚೀಟಿಗಳು ಅಲ್ಲೇ ಸಿಕ್ಕಿದ್ರೆ ನೀವೂ ಪಾಲುದಾರರು ಅಂತಾರೆ."

ಟೀಚರಮ್ಮ ಮರುದಿನ ಮಧ್ಯಾಹ್ನ ಮೆಟ್ಟಿಲಿಳಿದು, ಬಾಗಿಲನ್ನು ತಟ್ಟದೆಯೇ ತಳ್ಳಿದರು. ದುಂಡು ಮೇಜಿನ ಸುತ್ತ ಹದಿನೈದು ಮಂದಿ, ನಡುವೆ ಒಂದು ದಾಳ, ಗೋಡೆಯ ಮೇಲೆ ಅವರದೇ ಕೆಂಪಕ್ಷರದ 'ನಾಲ್ಕು'. ಅವರನ್ನು ಕಂಡದ್ದೇ ಎಂಟು ಮಂದಿ ದಡಬಡಿಸಿ ಎದ್ದು ನಿಂತರು. ಕ್ಷೌರದವನು, ಬಸ್ ಡ್ರೈವರು, ಔಷಧಿ ಅಂಗಡಿಯವನು, ಎಲ್ಲರೂ ಅವರ ಕೈಯಲ್ಲಿ ಮಗ್ಗಿ ಕಲಿತವರೇ. ಉಳಿದವರು ಯಾಕೆಂದು ತಿಳಿಯದೆ ತಾವೂ ಎದ್ದರು.

"ಕೂತ್ಕೊಳ್ಳಿ" ಎಂದರು ಟೀಚರಮ್ಮ. ಎಲ್ಲರೂ ಕೂತರು, ಕೋಟಿನವನೂ ಕೂತ. "ಸರಿಯಾದ ಸಂಖ್ಯೆ ಹೇಳಿದವನಿಗೆ ಒಂದಕ್ಕೆ ಎಷ್ಟು ಕೊಡ್ತಾರೆ?"

"ನಾಲ್ಕು ಟೀಚರ್" ಎಂದ ಡ್ರೈವರು, ಕೈಯೆತ್ತಿ.

"ದಾಳಕ್ಕೆ ಎಷ್ಟು ಮುಖ?"

"ಆರು."

"ಆರು ಸಲ ಹಾಕಿದ್ರೆ ಸರಾಸರಿ ಒಂದ್ಸಲ ಗೆಲ್ತೀಯ. ಕೊಟ್ಟಿದ್ದು ಆರು, ಬಂದಿದ್ದು ನಾಲ್ಕು. ಉಳಿದ ಎರಡು ಎಲ್ಲಿಗೆ ಹೋಯ್ತು?"

ಹದಿನೈದು ತಲೆಗಳು ಮೆಲ್ಲಗೆ ಕೋಟಿನ ಕಡೆ ತಿರುಗಿದವು.

"ಆ ಲೆಕ್ಕ ಮಾಡಿಕೊಟ್ಟವಳು ನಾನೇ" ಎಂದರು ಟೀಚರಮ್ಮ. "ಹಣ್ಣು ಅಂದ್ಕೊಂಡು ಮಾಡಿಕೊಟ್ಟೆ. ನಿಮಗೆ ಕಲಿಸಿದ ಕೈಯಿಂದಾನೇ ನಿಮ್ಮ ಜೇಬಿಗೆ ಕತ್ತರಿ ಹಾಕ್ದೆ. ತಪ್ಪಾಯ್ತು ಕಣ್ರಪ್ಪಾ."

ಔಷಧಿ ಅಂಗಡಿಯವನ ಕಣ್ಣು ಒದ್ದೆಯಾಯಿತು. ಕ್ಷೌರದವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಎರಡು ತಿಂಗಳಿಂದ ನನ್ನ ಗ್ರಹಚಾರ ಸರಿ ಇಲ್ಲ ಅಂದ್ಕೊಂಡಿದ್ನಲ್ಲ!" ಎಂದು ತೋಳೇರಿಸಿ ಎದ್ದ. ಟೀಚರಮ್ಮ ಅವನನ್ನು ಒಂದೇ ನೋಟಕ್ಕೆ ಕೂರಿಸಿದರು. ಹೊಡೆದಾಟ ಬೇಕಾಗಲಿಲ್ಲ. ಮರುದಿನ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಐದನೆಯ ದಿನ ಕೋಟಿನವನು ತಾನಾಗಿ ಬಂದು, ಕೋಣೆ ಬಿಟ್ಟೆನೆಂದು ಬರೆದುಕೊಟ್ಟು, ಕೀಲಿಯನ್ನೂ ಕೆಂಪು ಶಾಯಿಯ ಚೀಟಿಗಳನ್ನೂ ಇಟ್ಟು ಹೋದ.

ಏಳನೆಯ ದಿನ ನಗರಸಭೆಯ ಅಧಿಕಾರಿ ಬಂದ. ಬರಿದಾದ ಕೋಣೆಯನ್ನು ಮೂಲೆ ಮೂಲೆ ನೋಡಿ ತೃಪ್ತನಾದ. ಅಷ್ಟರಲ್ಲಿ ಟೀಚರಮ್ಮ ಕೆಂಪು ಶಾಯಿಯ ಚೀಟಿಗಳ ಕಟ್ಟನ್ನು ಅವನ ಮುಂದಿಟ್ಟು, ಕತೆಯನ್ನೆಲ್ಲ ಒಪ್ಪಿಸಿದರು. ತಂಗಿ ಹಣೆ ಚಚ್ಚಿಕೊಂಡಳು. ಅಧಿಕಾರಿ ಒಂದೊಂದನ್ನೇ ಓದಿದ. 'ಇನ್ನೂ ಕಷ್ಟದ್ದು ಕಳಿಸಿ' ಎಂಬಲ್ಲಿಗೆ ಬಂದಾಗ ಅವನ ಮೀಸೆ ಅಲುಗಿತು.

"ಗೊತ್ತಿದ್ದವರು ಯಾರೂ ಹೀಗೆ ಸಹಿ ಹಾಕಲ್ಲ ಬಿಡಿ" ಎಂದು ನಮೂನೆ ತೆರೆದ. "'ಮಾಲೀಕರಿಗೆ ತಿಳಿದಿತ್ತೇ?' ಇಲ್ಲ ಅಂತ ಬರೀತೀನಿ. ಅಲ್ಲಿಗೆ ಮುಗೀತು."

"ಪಕ್ಕದಲ್ಲಿ ಇನ್ನೊಂದು ಮಾತು ಸೇರಿಸಿ."

"ಏನಂತ?"

"'ತಿಳ್ಕೋಬೇಕಿತ್ತು' ಅಂತ."

"ಅದಕ್ಕೆ ಜಾಗ ಇಲ್ಲ ಅಮ್ಮಾ."

"ಅಂಚಲ್ಲಿ ಬರೀರಿ. ಇಲ್ಲಾಂದ್ರೆ ಉತ್ತರ ಅರ್ಧಂಬರ್ಧ. ನಾನು ಸಹಿ ಹಾಕಲ್ಲ."

ಅಧಿಕಾರಿ ತಂಗಿಯ ಮುಖ ನೋಡಿದ.

"ಬರೆದುಬಿಡಿ ಸಾರ್" ಎಂದಳು ತಂಗಿ. "ಅರ್ಧಂಬರ್ಧ ಉತ್ತರಕ್ಕೆ ಅವಳು ಯಾವತ್ತೂ ಮಾರ್ಕ್ಸ್ ಕೊಟ್ಟವಳಲ್ಲ."

ಅವನು ಅಂಚಿನಲ್ಲಿ ಚಿಕ್ಕದಾಗಿ ಬರೆದ. ಟೀಚರಮ್ಮ ಕನ್ನಡಕ ಏರಿಸಿ ಎರಡು ಸಲ ಓದಿ ಸಹಿ ಹಾಕಿದರು. ಏಳು ದಿನಗಳಲ್ಲಿ ಮೊದಲ ಬಾರಿಗೆ ಅವರಿಗೆ ಹಸಿವಾಯಿತು.