ಮೂರರ ನಡುವಿನ ಹಳದಿ ಗುಂಡಿ

೧೯೮೭ರ ಮಾರ್ಚ್ ೩, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಅಚ್ಚಿನಿಂದ ಹೊರಬಿದ್ದೆ. ನಾನು ಒಂದು ಹಳದಿ ಪ್ಲಾಸ್ಟಿಕ್ ಗುಂಡಿ. ಒಳಗೊಂದು ಪುಟ್ಟ ಸ್ಪ್ರಿಂಗ್. ದೇಶದೇಶಗಳ ಪ್ರತಿನಿಧಿಗಳು ಸೇರಿ ಮತ ಹಾಕುವ ಸಭಾಂಗಣದಲ್ಲಿ, ಭಾರತದ ಮೇಜಿನ ಮೇಲೆ ನನ್ನನ್ನು ಕೂರಿಸಿದರು. ಎಡಕ್ಕೆ ಹಸಿರು, ಅದು ಒಪ್ಪಿಗೆ. ಬಲಕ್ಕೆ ಕೆಂಪು, ಅದು ವಿರೋಧ. ನಡುವೆ ನಾನು, ಯಾರ ಕಡೆಗೂ ಇಲ್ಲದವನು.

ಕೆಳಗಿದ್ದ ನನಗೆ ಮನುಷ್ಯರೆಂದರೆ ಬೆರಳುಗಳು. ಮೊದಲ ಪ್ರತಿನಿಧಿಯ ಬೆರಳಿಗೆ ನಶ್ಯದ ವಾಸನೆ. ಆಮೇಲಿನವರು ಪೆನ್ನಿನ ತುದಿಯಿಂದ ಒತ್ತುತ್ತಿದ್ದರು; ನನ್ನ ನೆತ್ತಿಯ ಗೀರು ಅವರದೇ. ಕೊನೆಗೆ ಬಂದವರು ಧಾರವಾಡದ ನೀಲಾಂಬಿಕಾ ಹಂಚಿನಾಳ. ದಿನವೂ ಸೆರಗಿನ ತುದಿಯಿಂದ ನಮ್ಮ ಧೂಳೊರೆಸುವರು. ಅವರ ಸಹಾಯಕ ಅಧಿಕಾರಿ ಬೆಟಗೇರಿಯ ಸತ್ಯವಂತ. ಸಭೆಯ ನಡುವೆ ಇಬ್ಬರೂ ಕನ್ನಡದಲ್ಲೇ ಪಿಸುಗುಡುವರು; ಅಕ್ಕಪಕ್ಕದ ದೇಶಗಳಿಗೆ ತಿಳಿಯಬಾರದಲ್ಲ!

ಒಂದು ವರ್ಷ ದೂರದ ನಾಡೊಂದನ್ನು ನೆರೆಯ ಸೇನೆ ಮುತ್ತಿತು. ಅಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ನಲವತ್ತೊಂದು ನರ್ಸ್‌ಗಳು ಸಿಕ್ಕಿಕೊಂಡರು. ಅವರಲ್ಲೊಬ್ಬಳು ಸತ್ಯವಂತನ ತಂಗಿ ಸುಗುಣಾ. ಮರುದಿನ ಅವರ ಬಸ್ಸಿಗೆ ದಾರಿ ಬಿಡಲು ಸೇನೆ ಒಪ್ಪಿತ್ತು. ಆದರೆ ಆ ಸೇನೆಯನ್ನು ಖಂಡಿಸುವ ಗೊತ್ತುವಳಿ ಅದರ ಹಿಂದಿನ ದಿನವೇ ಮತಕ್ಕೆ ಬಂತು. ಭಾರತ ಹಸಿರು ಒತ್ತಿದರೆ ದಾರಿ ಮುಚ್ಚುತ್ತದೆ ಎಂಬ ಸುಳಿವೂ ಬಂದಿತ್ತು. ದಿಲ್ಲಿ ‘ಹಳದಿ’ ಎಂದು ತಿಳಿಸಿತು.

“ಮೇಡಂ, ಸುಗುಣಾ ಮೆಸೇಜ್ ಮಾಡ್ಯಾಳ್ರೀ. ಮಕ್ಕಳ ವಾರ್ಡಿನ ಮ್ಯಾಲೆ ಬಾಂಬ್ ಬಿದ್ದದಂತ. ಹಸಿರು ಒತ್ತಸು ಅಣ್ಣಾ ಅಂತಾಳ.”

“ದಾರಿ ಬಂದ್ ಆಗ್ತದ ಅಂತ ಹೇಳಿದ್ಯೋ ಇಲ್ಲೋ?”

“ಹೇಳಿದೆ. ‘ಹೆದರುಪುಕ್ಕ, ಸಣ್ಣಾಂವ ಇದ್ದಾಗಿಂದ ನೀ ಹಿಂಗs’ ಅಂತ ಬೈದ್ಲು.”

“ಆಕಿ ಇರ್ಲಿ. ನೀ ಏನಂತಿ?”

ಸತ್ಯವಂತ ಫೋನನ್ನು ಮೇಜಿನ ಮೇಲೆ ಬೋರಲಿಟ್ಟ. “ನನಗ ನನ್ನ ತಂಗಿ ಬೇಕ್ರೀ.”

ಮತದಾನದ ಗಂಟೆ ಮೊಳಗಿತು. ನೀಲಾಂಬಿಕಾ ಅವರ ಹೆಬ್ಬೆರಳು ಮೊದಲು ಹಸಿರಿನ ಮೇಲೆ ಕೂತಿತು, ಒತ್ತಲಿಲ್ಲ. ಆಮೇಲೆ ನನ್ನ ಮೇಲೆ ಬಂತು. ಒದ್ದೆಯಾಗಿತ್ತು. ಒತ್ತಿತು. ಅಂದು ಅವರು ನನ್ನನ್ನು ಒರೆಸಲಿಲ್ಲ.

ಮರುದಿನ ಬಸ್ಸು ಗಡಿ ದಾಟಿತು, ನಲವತ್ತೊಂದೂ ಜನರೊಡನೆ.

ಮುಂದಿನ ಬೇಸಿಗೆಯಲ್ಲಿ ಸುಗುಣಾ ಸಭಾಂಗಣ ನೋಡಲು ಬಂದಳು. ರಜಾದಿನ, ಮೇಜಿಗೆ ಕರೆಂಟ್ ಇರಲಿಲ್ಲ.

“ಇದs ಏನಣ್ಣಾ? ಪೇಢೆಯಷ್ಟೂ ಇಲ್ಲಲ್ಲೋ!” ಎಂದು ನಕ್ಕು ನನ್ನನ್ನು ಒತ್ತಿದಳು. “ಇದು ನಂದು.” ಆಮೇಲೆ ಹಸಿರನ್ನು ಬಹಳ ಹೊತ್ತು ಒತ್ತಿ ಹಿಡಿದಳು. “ಇದು ನಾವು ಅಲ್ಲೇ ಬಿಟ್ಟುಬಂದ ಹುಡುಗರದು.”

ಸತ್ಯವಂತ ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಕೊಸರಿಕೊಳ್ಳಲಿಲ್ಲ.

ಈಗ ಆ ಮೇಜಿಗೆ ಬೆರಳು ತಾಗಿಸಿ ಮತ ಹಾಕುವ ಗಾಜಿನ ಪರದೆ ಬಂದಿದೆ. ನಾವು ಮೂವರೂ ರಿಪೇರಿ ಕೋಣೆಯ ತಗಡಿನ ಡಬ್ಬಿಯಲ್ಲಿದ್ದೇವೆ. ಆ ಬಸ್ಸನ್ನು ನೆನೆದಾಗ ನನಗೆ ಹಿತವೆನಿಸುತ್ತದೆ. ಪಕ್ಕದ ಹಸಿರಿನ ಕಡೆ ಮಾತ್ರ ತಿರುಗಲಾರೆ. ಹಳದಿ ಒತ್ತುವುದು ಸುಲಭ ಎಂದು ಸಭೆಯಲ್ಲಿ ಅನೇಕರು ಆಡಿಕೊಂಡದ್ದನ್ನು ಕೇಳಿದ್ದೇನೆ. ಆದರೆ ಹಸಿರಿನದೂ ನನ್ನದೂ ಒಂದೇ ಬಗೆಯ ಸ್ಪ್ರಿಂಗ್. ಒತ್ತಿದಾಗ ಇಬ್ಬರೂ ಕೆಳಗಿಳಿಯುತ್ತಿದ್ದದ್ದು ಒಂದೇ ಅಳತೆ, ಎರಡೂವರೆ ಮಿಲಿಮೀಟರ್.