ಸ್ನೈಡರ್ ಮನೆಯ ಹಿತ್ತಲ ಬಾಗಿಲು

ಆಫೀಸಿನಿಂದ ಅಮೆರಿಕದ ಇಸ್ಸಾಕ್ವಾ ಊರಿನ ಮನೆಗೆ ಬಂದಾಗ ನಮ್ಮತ್ತೆ ವಸಂತಲಕ್ಷ್ಮಿ ಇರಲಿಲ್ಲ. ಪಕ್ಕದ ಮನೆಯ ಮುದುಕ ಸ್ನೈಡರ್ ಟೊಮೇಟೊ ತುಂಬಿಸಿ ಕೊಟ್ಟಿದ್ದ ಗಾಜಿನ ಬೋಗುಣಿಯೂ ಇರಲಿಲ್ಲ. ಒಲೆಯ ಮೇಲೆ ಕೇಸರಿಬಾತಿನ ಬಾಣಲೆ ಇನ್ನೂ ಬಿಸಿಯಾಗಿತ್ತು. ಬೋಗುಣಿಗೆ ಅದನ್ನು ತುಂಬಿಕೊಂಡು ಅತ್ತೆ ಅವನ ಮನೆಗೇ ಹೋಗಿದ್ದಾರೆಂದು ಹೊಳೆಯಿತು.

ಪಕ್ಕದವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಅವರ ಮನೆಗೆ ಹಿತ್ತಲ ಬಾಗಿಲಿಂದಲೇ ಹೋಗಬೇಕು, ಮುಂಬಾಗಿಲು ತಟ್ಟುವವರು ಪರಕೀಯರು. ಇದು ಮೈಸೂರಿನ ನಮ್ಮತ್ತೆಯ ಶಾಸ್ತ್ರ. ಸ್ನೈಡರನ ಹಿತ್ತಲ ಗೇಟಿನಲ್ಲೋ, ಒಳಗೆ ಕಾಲಿಟ್ಟರೆ ಗುಂಡು ಹಾರಿಸುತ್ತೇನೆಂಬ ಬೋರ್ಡು. ಇಂಗ್ಲಿಷ್ ಓದಲು ಬಾರದ ಅತ್ತೆಗೆ ಅದು ಯಾವುದೋ ಹೂಗಿಡದ ಹೆಸರು.

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅವನ ಹಿತ್ತಲ ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಆರಾಮವಾಗಿ ಕೂತಿದ್ದರು. ಗೋಡೆಗೆ ಒರಗಿ ನಿಂತಿದ್ದ ಸ್ನೈಡರನ ಕೈಯಲ್ಲಿ ಬಂದೂಕಿತ್ತು. ನಳಿಗೆ ನೆಲದ ಕಡೆಗಿತ್ತು, ನಿಜ. ಆದರೆ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು.

"ಬಾ ಭಾವನಾ. 'ನೇಮ್, ವಿಚ್ ಪ್ಲೇಸ್' ಅಂತ ಮನೆತನ ಕೇಳ್ದೆ ಅಷ್ಟೆ. ಬಾಯೇ ಬಿಡ್ತಿಲ್ಲ, ಪಾಪ."

"ಅತ್ತೆ, ದಯವಿಟ್ಟು ಅಲ್ಲಾಡ್ಬೇಡಿ."

"ಇವರನ್ನ ಯಾರು ಕಳಿಸಿದ್ದು?" ಎಂದು ಸ್ನೈಡರ್ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ. "ನನ್ನ ಹೆಸರಿನ ಮೂಲ ಇವರಿಗೇಕೆ?"

ನಮ್ಮೂರಲ್ಲಿ ಪರಿಚಯ ಶುರುವಾಗುವುದೇ ಆ ಪ್ರಶ್ನೆಯಿಂದ ಎಂದು ಹೇಳಿದೆ.

"ನಮ್ಮ ಅಂಗಡಿಗೆ ಬೆಂಕಿ ಬಿದ್ದದ್ದು ಅದೇ ಪ್ರಶ್ನೆಯಿಂದ," ಎಂದ. ಅವನ ಅಜ್ಜ ಜರ್ಮನಿಯಿಂದ ಬಂದ ಶ್ನೈಡರ್. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದಾಗ ಜನ ಗುಂಪಾಗಿ ಬಂದು, ಈ ಹೆಸರು ಎಲ್ಲಿಯದು ಎಂದು ಕೇಳಿ, ಅಂಗಡಿ ಸುಟ್ಟರಂತೆ. ಅಜ್ಜ ಅಕ್ಷರ ತಿದ್ದಿ ಸ್ನೈಡರ್ ಆದ. ಅವನ ತಮ್ಮ ಬೇರೆ ಊರು ಸೇರಿ ಅದನ್ನೇ ಮತ್ತೊಂದು ಬಗೆಯಲ್ಲಿ ಬರೆದುಕೊಂಡ. ಸಂತೆಯಲ್ಲಿ ಎದುರಾದರೂ, ಮೂಲ ಬಯಲಾದೀತೆಂದು ಅಣ್ಣತಮ್ಮಂದಿರು ಗುರುತು ತೋರಿಸುತ್ತಿರಲಿಲ್ಲವಂತೆ.

"ಆ ಹೆಸರಿಗೆ ಬಟ್ಟೆ ಹೊಲಿಯುವವನು ಅಂತ ಅರ್ಥ. ಅಷ್ಟೇ," ಎಂದ ಸ್ನೈಡರ್.

"ದರ್ಜಿ ಮನೆತನ ಅಂತೆ, ಅತ್ತೆ," ಎಂದೆ.

"ಅಯ್ಯೋ, ನಮ್ಮಪ್ಪನೂ ದರ್ಜೀನೇ ಕಣೇ!"

ನಾನು ತಡೆಯುವಷ್ಟರಲ್ಲಿ ಅತ್ತೆ ಎದ್ದು ಹೋಗಿ, ಬಂದೂಕಿದ್ದ ಕೈಯ ತೋಳನ್ನೇ ಹಿಡಿದು, ಗುಂಡಿ ಉದುರಿದ್ದ ಅಂಗಿಯ ಮುಂಗೈ ಪಟ್ಟಿಯನ್ನು ತಿರುಗಿಸಿ ನೋಡಿದರು. ಸ್ನೈಡರ್ ನಿಧಾನವಾಗಿ ಬಂದೂಕನ್ನು ಫ್ರಿಜ್ ಮೇಲಿಟ್ಟ.

"ಇವರಿಗೆ ಹೇಳಿ," ಎಂದ, "ಇನ್ನು ಮುಂದೆ ಮುಂಬಾಗಿಲು ತಟ್ಟಿ ಬರಲಿ. ನನಗೆ ಹೆದರಿಕೆಯಾಗುತ್ತೆ."

ಮನೆಗೆ ಬಂದವರೇ ಅತ್ತೆ ಸೂಜಿದಾರ ಹುಡುಕತೊಡಗಿದರು. ಅವರು ಮತ್ತೆ ಆ ದಾರಿಯಲ್ಲೇ ಹೊರಟಾರೆಂದು ನಾನು ಇನ್ನೂ ಬೆಳಕಿರುವಾಗಲೇ ಹೋಗಿ ನಮ್ಮ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದೆ.