ಮಣ್ಣಿಗೆ ಹೊರಟ ಗಾಡಿ

"ಸಮಸ್ತ ಮಾಜಿ ಕುಡುಕ ಮಹನೀಯರಿಗೆ ತಿಳಿಸೂದೇನಂದ್ರ, ಇವತ್ತಿನ ಉಪ್ಪಿಟ್ಟಿನಾಗ ಉಪ್ಪಿಲ್ಲ."

ತಟ್ಟೆಗೆ ಸೌಟು ಬಡಿದು ರಾಮಲಿಂಗ ಸಾರಿದ. ಯಾರೂ ನಗಲಿಲ್ಲ. ಶಹಾಪುರದ ಆ ಕುಡಿತ ಬಿಡಿಸುವ ಕೇಂದ್ರದಲ್ಲಿ ಉಪ್ಪು ಹಾಕುವ ಕೈ ಅಡುಗೆಯ ಅಮೃತಮ್ಮನದು. ಆಕೆ ದೇವಾಪುರದ ತನ್ನ ಮನೆಯಲ್ಲಿ ನಸುಕಿನಲ್ಲಿ ತೀರಿಕೊಂಡಿದ್ದಳು. ಮಧ್ಯಾಹ್ನ ಮಣ್ಣು ಮಾಡುವುದಿತ್ತು.

ರಾಮಲಿಂಗನ ದುಃಖ ನಿಜವಾದದ್ದೇ. ಆದರೆ ದುಃಖದ ಬೆನ್ನಿಗೆ ಒಂದು ಉಪಾಯವೂ ಹತ್ತಿಕೊಂಡು ಬಂತು. ಅಂದು ಕೇಂದ್ರಕ್ಕೆ ರಕ್ತ ತಪಾಸಣೆಯ ಗಾಡಿ ಬರುವುದಿತ್ತು. ಮರುದಿನ ಅವನ ಬಿಡುಗಡೆ. ಕರೆದೊಯ್ಯಲು ಹೆಂಡತಿ ರೇವತಿ ಬರುವವಳು. ಕುಡಿದ ದಿನಗಳಲ್ಲಿ ಯಾದಗಿರಿಯ ಯಾವ ಲಾಡ್ಜಿನಲ್ಲಿ ಯಾರ ಪಕ್ಕದಲ್ಲಿ ಎದ್ದನೋ, ಅವನಿಗೇ ನೆನಪಿಲ್ಲ. ಅಲ್ಲಿ ಅಂಟಿದ ರೋಗವೇನಾದರೂ ಇದ್ದು ಸೂಜಿ ಬಾಯಿ ಬಿಟ್ಟರೆ? ಮಣ್ಣಿಗೆ ಹೋದರೆ ಗಾಡಿ ತಪ್ಪುತ್ತದೆ, ಗಾಡಿ ತಪ್ಪಿದರೆ ಮಾನ ಉಳಿಯುತ್ತದೆ. ಎಲ್ಲರೂ ಅವ್ವ ಎನ್ನುತ್ತಿದ್ದ ಅಮೃತಮ್ಮನ ಮುಖ ನೋಡದೆ ಊಟ ಮಾಡುವುದಿಲ್ಲವೆಂದು ಅವನು ಎಲ್ಲರಿಂದಲೂ ಹಟ ಹಿಡಿಸಿದ.

*

ಬಿಡುಗಡೆಯಾದವರಿಗೆ ಅಮೃತಮ್ಮ ಬುತ್ತಿ ಕಟ್ಟುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅದರಡಿಗೆ ಕಾಂಡೋಮಿನ ಪೊಟ್ಟಣ. ನರ್ಸ್ ಪಂಚಶೀಲಾಳ ಮುಂದೆ ಕೈಚಾಚಲು ನಾಚುವ ಗಂಡಸರು ರೊಟ್ಟಿಯ ಜೊತೆ ಬಂದದ್ದನ್ನು ಬೇಡವೆನ್ನುತ್ತಿರಲಿಲ್ಲ.

ಇದೇನು ಉಪ್ಪಿನಕಾಯಿಯೇ ಎಂದು ರಾಮಲಿಂಗ ಒಮ್ಮೆ ಛೇಡಿಸಿದ. ಆಕೆ ಕೈ ನಿಲ್ಲಿಸಲಿಲ್ಲ.

"ನನ್ನ ಗಂಡ ದುರಗಪ್ಪ ಕುಡದು ಎಲ್ಲೆಲ್ಲೋ ಹೋಗಿ, ಬರೂವಾಗ ಪರಂಗಿ ಹುಣ್ಣು ತಂದು ನನಗೂ ಕೊಟ್ಟ. ನಾ ಸೂಜಿ ಮಾಡಿಸ್ಕೊಂಡು ಆರಾಮಾದೆ. ಅಂವ ನಾಚಿಕಿಗೆ ತೋರಿಸಲೇ ಇಲ್ಲ, ಕುಡಕೋತನ ಹ್ವಾದ." ಗಂಟು ಬಿಗಿದಳು. "ನೀ ಎಲ್ಲಿ ಬಿದ್ದಿದ್ದಿ ನಿನಗ ನೆನಪಿಲ್ಲ, ರಕ್ತಕ್ಕ ನೆನಪಿರ್ತದ. ರಕ್ತ ತೋರಿಸಲಾರದ, ರೇವತಿ ಕಡಿ ಹೋಗಬ್ಯಾಡ, ಮಗನ."

"ಏನರ ಇದ್ದರ?"

"ಇದ್ದರ ಔಷಧ ಅದ. ನಾ ಕುಂತಿಲ್ಲೇನು ನಿನ್ನ ಮುಂದ?"

*

ಹಟ ಗೆದ್ದಿತು. ಆದರೆ ರೋಗಿಗಳನ್ನು ಬಸ್ಸಿಗೆ ಹತ್ತಿಸುವಂತಿರಲಿಲ್ಲ. ಸಿಕ್ಕ ಗಾಡಿ ಒಂದೇ, ರಕ್ತ ತಪಾಸಣೆಯದು. ಸತ್ತವರ ಮನೆ ಮುಂದೆ ಯಾರು ಸೂಜಿ ಹಿಡಿಯುತ್ತಾರೆ ಎಂದು ರಾಮಲಿಂಗ ಧೈರ್ಯವಾಗಿ ಮುಂದಿನ ಸೀಟಿನಲ್ಲೇ ಕುಳಿತ.

ದೇವಾಪುರದಲ್ಲಿ ಇಳಿಯುತ್ತಲೇ ಚಾಲಕ ಅಬ್ದುಲ್ ಕರೀಮ ಗಂಟಲು ಸರಿಮಾಡಿಕೊಂಡ. ಈ ಗಾಡಿ ಹೋದ ಊರಿನಲ್ಲಿ ಶಿಬಿರ ಆಗಲೇಬೇಕು, ಅದು ನಿಯಮ. ಒಬ್ಬರಾದರೂ ರಕ್ತ ಕೊಡದಿದ್ದರೆ ಗಾಡಿ ಸುಮ್ಮನೆ ತಿರುಗಿದ ಲೆಕ್ಕ, ತನ್ನ ನೌಕರಿಗೇ ಮಣ್ಣು.

ಪಂಚಶೀಲಾ ಸಂಕೋಚದಿಂದ ಅಮೃತಮ್ಮನ ಮಗಳು ಮಾನಮ್ಮನ ಮುಖ ನೋಡಿದಳು. ಮಾನಮ್ಮ ಕಣ್ಣೊರೆಸಿಕೊಂಡು, "ಶಿಬಿರ ಹಚ್ರಿ ಅಕ್ಕಾರ. ನಮ್ಮವ್ವ ಇದ್ದಿದ್ರ ಸಾಲು ಆಕಿನ ಹಚ್ತಿದ್ಲು" ಎಂದಳು.

ಮನಸ್ಸಿದ್ದವರು ಮಾತ್ರ ಬರಬೇಕು ಎಂದು ಪಂಚಶೀಲಾ ಎರಡು ಸಲ ಹೇಳಿದಳು. ಎಲ್ಲರೂ ತಮ್ಮನ್ನು ಕರೆತಂದ ನಾಯಕ ರಾಮಲಿಂಗನತ್ತ ತಿರುಗಿದರು. ನಾಯಕ ಚಪ್ಪರದಡಿ ಕೂರಿಸಿದ್ದ ಅಮೃತಮ್ಮನತ್ತ ತಿರುಗಿದ. ಆಮೇಲೆ ಅಂಗಿಯ ತೋಳು ಮಡಚಿದ.

"ಏನ ಬಂದ್ರೂ ನಾಳಿ ರೇವತಿ ಮುಂದ ಹೇಳ್ರಿ ಸಿಸ್ಟರ್. ನಾನೂ ಅಲ್ಲೇ ಕುಂದ್ರತೀನಿ."

ಅವನ ಹಿಂದೆ ಸಾಲು ಬೆಳೆಯಿತು.

ಮಣ್ಣಿಗೆ ಮೊದಲು ಕುಣಿಗೆ ಉಪ್ಪು ಹಾಕುವುದು ರೂಢಿ. ಎಡ ಮೊಳಕೈ ಮಡಚಿ ಹತ್ತಿ ಒತ್ತಿಕೊಂಡ ಗಂಡಸರು ಕುಣಿಯ ಸುತ್ತ ನಿಂತಿದ್ದರು. ಉಪ್ಪಿನ ಬುಟ್ಟಿ ರಾಮಲಿಂಗನ ಬಳಿ ಬಂತು. ಬಲಗೈ ತುಂಬ ತೆಗೆದುಕೊಂಡ ಅವನು, ಮುಷ್ಟಿ ಸಡಿಲಿಸಿ ಸ್ವಲ್ಪ ಉದುರಿಸಿ, ಅಡುಗೆಗೆ ಹಾಕುವವರಂತೆ ಅಳತೆ ನೋಡಿ, ಮೆಲ್ಲಗೆ ಕೈ ಬಿಟ್ಟ.